ರಿಪೇರಿಯಾಗಿ ಬಂದ ಲೆನ್ಸ್ ಮತ್ತೆ ಕೈಕೊಟ್ಟಾಗ

ಕ್ಯಾಮೆರಾಗಳ ಬಗ್ಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಯಾವುದನ್ನು ಕೊಳ್ಳಬೇಕೆಂಬ ಪ್ರಶ್ನೆಯನ್ನೇ ಕೇಳುತ್ತವೆ. ಈ ಬಾರಿ ಮಾತ್ರ ಹಣ ಕೊಟ್ಟು ರಿಪೇರಿ ಮಾಡಿಸಿದ ಲೆನ್ಸ್ ಮತ್ತೆ ಕೆಟ್ಟ ಸಂಕಟವನ್ನು ಹೇಳುವ ನಾಲ್ಕು ಪತ್ರಗಳು ಒಟ್ಟಿಗೆ ಬಂದಿವೆ. ಮೊದಲನೆಯ ಪತ್ರದಲ್ಲಿ ವಿವರಗಳು ಹೆಚ್ಚಾಗಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ನಾನು ತೀರ್ಥಹಳ್ಳಿಯಲ್ಲಿ ಒಬ್ಬನೇ ಸಣ್ಣ ಸ್ಟುಡಿಯೊ ನಡೆಸುತ್ತಿದ್ದೇನೆ. ಮದುವೆ, ಉಪನಯನ, ಗೃಹಪ್ರವೇಶಗಳ ಫೋಟೊ ತೆಗೆಯುವುದೇ ನನ್ನ ಜೀವನೋಪಾಯ. 2019ರಲ್ಲಿ ಡಿಎಸ್‌ಎಲ್‌ಆರ್ ಕ್ಯಾಮೆರಾದ ಜೊತೆಗೆ ಕೊಂಡ 24–105 ಮಿ.ಮೀ. ಜೂಮ್ ಲೆನ್ಸ್ ಕಳೆದ ಕಾರ್ತಿಕದಲ್ಲಿ ಮೊದಲ ಸಲ ಕೈಕೊಟ್ಟಿತು. ಗುಂಪು ಫೋಟೊ ತೆಗೆಯುವಾಗ ಲೆನ್ಸಿನೊಂದಿಗೆ ಸಂಪರ್ಕ ತಪ್ಪಿದೆ ಎಂಬ ಸಂದೇಶ ಪರದೆಯ ಮೇಲೆ ಬಂದು ಕ್ಯಾಮೆರಾ ನಿಂತುಬಿಟ್ಟಿತು. ನಗರದ ಒಂದು ರಿಪೇರಿ ಅಂಗಡಿಯವರು ಲೆನ್ಸ್ ಕ್ಯಾಮೆರಾಕ್ಕೆ ತಾಗುವ ಕಾಂಟ್ಯಾಕ್ಟ್ ಬಿಂದುಗಳನ್ನು ಸ್ವಚ್ಛಗೊಳಿಸಿ 1,800 ರೂಪಾಯಿ ತೆಗೆದುಕೊಂಡರು. ಮಾಘದಲ್ಲಿ ಅದೇ ತೊಂದರೆ ಮರಳಿತು. ಆಗ ಅವರೇ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಭಾಗವನ್ನು ಬದಲಾಯಿಸಿ 9,500 ರೂಪಾಯಿ ಪಡೆದರು. ಐದು ತಿಂಗಳು ಚೆನ್ನಾಗಿ ನಡೆದ ಲೆನ್ಸ್, ಶ್ರಾವಣದ ಮದುವೆಯೊಂದರಲ್ಲಿ ಸರಿಯಾಗಿ ಧಾರೆಯ ಹೊತ್ತಿಗೆ ಮತ್ತೆ ನಿಂತಿತು. ಅಪರ್ಚರನ್ನು ಎಫ್ 4ಕ್ಕೆ ಇಟ್ಟು ತೆಗೆದರೆ ಫೋಟೊ ಬರುತ್ತದೆ, ಎಫ್ 8ಕ್ಕೆ ಇಟ್ಟರೆ ದೋಷದ ಸಂದೇಶ ಬರುತ್ತದೆ. ಅದೂ ಜೂಮನ್ನು 24ರ ಕಡೆಗೆ ತಿರುಗಿಸಿದಾಗ ಮಾತ್ರ. ಇದಲ್ಲದೆ, ಎರಡನೆಯ ರಿಪೇರಿಯಾದಂದಿನಿಂದ ಗುಂಪು ಫೋಟೊಗಳಲ್ಲಿ ಎಡಗಡೆ ನಿಂತವರ ಮುಖ ಮಸುಕಾಗಿ ಬರುತ್ತಿದೆ. ಅಂಗಡಿಯವರು ಈಗ ನಿಮ್ಮ ಕ್ಯಾಮೆರಾ ಬಾಡಿಯೇ ಸರಿಯಿಲ್ಲ, ಅದನ್ನೂ ಬಿಟ್ಟುಹೋಗಿ ಎನ್ನುತ್ತಿದ್ದಾರೆ. ಮೂರನೆಯ ಸಲ ರಿಪೇರಿ ಮಾಡಿಸಬೇಕೆ? ಕೊಟ್ಟ ಹಣವನ್ನು ಕೇಳುವ ಹಕ್ಕು ನನಗಿದೆಯೆ?

— ಒಬ್ಬ ಛಾಯಾಗ್ರಾಹಕ, ತೀರ್ಥಹಳ್ಳಿ

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಸಂಗತಿಯನ್ನು ನೀವು ಕೊನೆಯಲ್ಲಿ, ಅದೂ ಇದೂ ಹೇಳುವ ಹಾಗೆ ಹೇಳಿದ್ದೀರಿ. ಎಫ್ 4ರಲ್ಲಿ ಬರುತ್ತದೆ, ಎಫ್ 8ರಲ್ಲಿ ಬರುವುದಿಲ್ಲ, 24ರ ಕಡೆಗೆ ತಿರುಗಿಸಿದಾಗ ಮಾತ್ರ ಹೀಗಾಗುತ್ತದೆ ಎಂಬ ಮಾತನ್ನು ಮೊದಲ ದಿನವೇ ಅಂಗಡಿಯವರು ಕೇಳಿ ತಿಳಿದುಕೊಂಡಿದ್ದರೆ ನಿಮ್ಮ ಮೊದಲ 1,800 ರೂಪಾಯಿಯಾದರೂ ಉಳಿಯುತ್ತಿತ್ತು. ಅವರು ಕೇಳಲಿಲ್ಲವೋ ನೀವು ಹೇಳಲಿಲ್ಲವೋ ನನಗೆ ತಿಳಿಯದು, ಆದರೆ ನಾನು ನೋಡಿದ ಮಟ್ಟಿಗೆ ಹೀಗೆ ತಿರುತಿರುಗಿ ಕೆಡುವ ಲೆನ್ಸುಗಳ ಹಿಂದೆ ಬಹುಪಾಲು ಇದೇ ಕಥೆ ಇರುತ್ತದೆ. ಕೆಟ್ಟದ್ದು ಒಂದು, ಸರಿಪಡಿಸಿದ್ದು ಇನ್ನೊಂದು.

ನಿಮ್ಮ ಲೆನ್ಸಿನೊಳಗೆ ಏನಾಗುತ್ತಿದೆ ಎಂಬುದನ್ನು ತಿಳಿಯಲು ಅಪರ್ಚರ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು. ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ನೀವು ಕಣ್ಣಿಟ್ಟು ನೋಡುತ್ತಿರುವಷ್ಟು ಹೊತ್ತೂ ಅಪರ್ಚರ್ ಪೂರ್ತಿ ತೆರೆದೇ ಇರುತ್ತದೆ. ನೀವು ಎಫ್ 8 ಎಂದು ಇಟ್ಟಿದ್ದರೂ ಕಿಂಡಿಯನ್ನು ಮುಚ್ಚುವ ಒಳಗಿನ ಬ್ಲೇಡುಗಳು ಅಲುಗುವುದಿಲ್ಲ. ಗುಂಡಿ ಒತ್ತಿದ ಕ್ಷಣದಲ್ಲಿ ಮಾತ್ರ ಅವು ಎಫ್ 8ರ ಅಳತೆಗೆ ಮುಚ್ಚಿಕೊಂಡು, ಫೋಟೊ ಆದ ಮೇಲೆ ಮತ್ತೆ ತೆರೆದುಕೊಳ್ಳುತ್ತವೆ. ಎಫ್ 4 ನಿಮ್ಮ ಲೆನ್ಸಿನ ಪೂರ್ತಿ ತೆರೆದ ಅಳತೆಯಾದ್ದರಿಂದ ಅಲ್ಲಿ ಬ್ಲೇಡುಗಳಿಗೆ ಕೆಲಸವೇ ಇಲ್ಲ, ಕೆಲಸವಿಲ್ಲದ ಕಡೆ ದೋಷವೂ ಕಾಣಿಸಿಕೊಳ್ಳುವುದಿಲ್ಲ. 1959ರಲ್ಲಿ ಬಂದ ನಿಕಾನ್ ಎಫ್ ಮೌಂಟಿನ (ಮೌಂಟ್ ಎಂದರೆ ಲೆನ್ಸನ್ನು ಕ್ಯಾಮೆರಾಕ್ಕೆ ಸಿಕ್ಕಿಸುವ ಜೋಡಣೆ) ಹಳೆಯ ಲೆನ್ಸುಗಳಲ್ಲಿ ಈ ಬ್ಲೇಡುಗಳನ್ನು ಕ್ಯಾಮೆರಾದಲ್ಲಿರುವ ಒಂದು ಸಣ್ಣ ಲೋಹದ ಕಡ್ಡಿಯೇ ತಳ್ಳುತ್ತಿತ್ತು. ಅದು ಕೆಟ್ಟರೆ ಕಣ್ಣಿಗೆ ಕಾಣುತ್ತಿತ್ತು, ಬೆರಳಿನಿಂದ ತಳ್ಳಿ ನೋಡಬಹುದಿತ್ತು. 1987ರಲ್ಲಿ ಕ್ಯಾನನ್ ಇಎಫ್ ಮೌಂಟ್ ಬಂದಾಗ ಅಪರ್ಚರ್ ನಡೆಸುವ ಮೋಟಾರು ಲೆನ್ಸಿನೊಳಕ್ಕೇ ಹೋಯಿತು, ಕ್ಯಾಮೆರಾದಿಂದ ಹೋಗುವುದು ವಿದ್ಯುತ್ ಸಂಕೇತ ಮಾತ್ರವಾಯಿತು. ಇಂದಿನ ಬಹುತೇಕ ಎಲ್ಲ ಕಂಪನಿಗಳ ಹೊಸ ಲೆನ್ಸುಗಳೂ ಇದೇ ದಾರಿಯಲ್ಲಿವೆ.

ಆ ಸಂಕೇತವನ್ನು ಲೆನ್ಸಿನ ಹಿಂಭಾಗದ ಸರ್ಕ್ಯೂಟ್ ಬೋರ್ಡಿನಿಂದ ನಡುವಿನ ಅಪರ್ಚರ್ ಭಾಗಕ್ಕೆ ಕೊಂಡೊಯ್ಯುವುದು ಫ್ಲೆಕ್ಸ್ ಕೇಬಲ್. ಇದು ಕಾಗದದಷ್ಟು ತೆಳುವಾದ, ಪ್ಲಾಸ್ಟಿಕ್ ಹಾಳೆಯ ಮೇಲೆ ತಾಮ್ರದ ಗೆರೆಗಳಿರುವ ಪಟ್ಟಿ. ಜೂಮ್ ತಿರುಗಿಸಿದಾಗ ಅಪರ್ಚರ್ ಭಾಗವೂ ಹಿಂದೆ ಮುಂದೆ ಸರಿಯುವ ಲೆನ್ಸುಗಳಲ್ಲಿ ಈ ಪಟ್ಟಿ ಪ್ರತಿ ಸಲವೂ ಮಡಚಿ ಬಿಚ್ಚಿಕೊಳ್ಳುತ್ತದೆ. ಒಂದು ಮದುವೆಯಲ್ಲಿ ನೀವು ಜೂಮನ್ನು ಎಷ್ಟು ನೂರು ಸಲ ತಿರುಗಿಸುತ್ತೀರಿ ಎಂಬುದನ್ನು ಲೆಕ್ಕ ಹಾಕಿದರೆ, ತಂತಿಯನ್ನು ಒಂದೇ ಕಡೆ ಬಗ್ಗಿಸಿ ಬಗ್ಗಿಸಿ ಮುರಿಯುವ ಹಾಗೆ, ಮಡಿಕೆಯ ಜಾಗದಲ್ಲಿ ತಾಮ್ರದ ಗೆರೆ ಸೀಳುವುದು ಆಶ್ಚರ್ಯವೆನಿಸುವುದಿಲ್ಲ. ಸೀಳು ಕೂದಲಿನಷ್ಟು ಸಣ್ಣದಾಗಿರುವಾಗ ಪಟ್ಟಿ ಒಂದು ಬಾಗಿನಲ್ಲಿದ್ದರೆ ಗೆರೆಯ ಎರಡು ತುದಿಗಳೂ ತಾಗಿಕೊಂಡಿರುತ್ತವೆ, ಇನ್ನೊಂದು ಬಾಗಿನಲ್ಲಿ ಬಿಟ್ಟುಕೊಳ್ಳುತ್ತವೆ. ನಿಮ್ಮ ಲೆನ್ಸ್ 24ರ ಕಡೆಗೆ ಮಾತ್ರ ಮುಷ್ಕರ ಹೂಡುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನಿಮ್ಮ ಎರಡು ರಿಪೇರಿಗಳನ್ನು ನೋಡೋಣ. ಮೊದಲ ಸಲ ಕಾಂಟ್ಯಾಕ್ಟ್ ಒರೆಸಿದರು. ದೋಷದ ಸಂದೇಶವೇ ಸಂಪರ್ಕ ತಪ್ಪಿದೆ ಎಂದು ಹೇಳುವುದರಿಂದ ಎಲ್ಲರೂ ಮೊದಲು ಮಾಡುವುದು ಅದನ್ನೇ, ಮತ್ತು ಅದು ತಪ್ಪೂ ಅಲ್ಲ. ಆದರೆ ಕಾಂಟ್ಯಾಕ್ಟ್ ಕೊಳೆಯಾಗಿದ್ದರೆ ತೊಂದರೆ ಎಲ್ಲ ಅಪರ್ಚರಿನಲ್ಲೂ, ಎಲ್ಲ ಜೂಮಿನಲ್ಲೂ ಬರಬೇಕಿತ್ತು, ಆಟೋಫೋಕಸ್ ಕೂಡ ತಡವರಿಸಬೇಕಿತ್ತು. (ಪ್ರಸಂಗವಶಾತ್ ಒಂದು ಮಾತು: ಆ ಹಳದಿ ಬಿಂದುಗಳ ಮೇಲೆ ಚಿನ್ನದ ಲೇಪ ಇರುತ್ತದೆ. ಒಣಗಿದ ಮೆತ್ತನೆಯ ಬಟ್ಟೆ, ಹೆಚ್ಚೆಂದರೆ ಅದಕ್ಕೆ ತುಸು ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಉಪ್ಪುಕಾಗದದಿಂದ ಉಜ್ಜುವ ಮೆಕ್ಯಾನಿಕ್ ಸಿಕ್ಕಿದರೆ ಲೆನ್ಸನ್ನು ಕೈಗೆತ್ತಿಕೊಂಡು ಹೊರಗೆ ಬನ್ನಿ.) ಒರೆಸಿದ ಮೇಲೆ ಮೂರು ತಿಂಗಳು ನಡೆಯಿತಲ್ಲ ಎಂದರೆ, ಬಂದು ಹೋಗುವ ದೋಷದ ಸ್ವಭಾವವೇ ಹಾಗೆ. ಪುಷ್ಯದಲ್ಲಿ ಮದುವೆಗಳು ಕಡಿಮೆ, ನಿಮ್ಮ ಜೂಮಿಗೂ ವಿಶ್ರಾಂತಿ ಸಿಕ್ಕಿರಬೇಕು.

ಎರಡನೆಯ ಸಲ ಅವರು ಸರಿಯಾದ ಜಾಗಕ್ಕೆ ಕೈಹಾಕಿದ್ದಾರೆ, ಆದರೆ ಕೆಲಸ ಪೂರ್ತಿಯಾಗಿಲ್ಲ ಎಂದು ನನಗೆ ಅನ್ನಿಸುತ್ತದೆ. ಐದೇ ತಿಂಗಳಲ್ಲಿ ಅದೇ ದೋಷ ಮರಳುವುದಕ್ಕೆ ಎರಡು ಕಾರಣಗಳಿರಬಹುದು. ಒಂದು, ಬ್ಲೇಡು ಮತ್ತು ಮೋಟಾರನ್ನು ಬದಲಾಯಿಸಿ ಹಳೆಯ ಕೇಬಲನ್ನೇ ಮತ್ತೆ ಬೆಸುಗೆ ಹಾಕಿರಬಹುದು. ಇನ್ನೊಂದು, ಕೇಬಲ್ ಹೊಸದಾಗಿದ್ದರೂ ಕಾರ್ಖಾನೆಯಲ್ಲಿ ಇದ್ದ ದಾರಿಯಲ್ಲಿ, ಇದ್ದ ಮಡಿಕೆಯಲ್ಲಿ, ಅಂಟಿಸಿದ್ದ ಜಾಗದಲ್ಲೇ ಅಂಟಿಸಿ ಕೂರಿಸಿರಲಿಕ್ಕಿಲ್ಲ, ಹಾಗಾಗಿ ಜೂಮ್ ಮುಚ್ಚಿದಾಗಲೆಲ್ಲ ಅದು ಯಾವುದೋ ಅಂಚಿಗೆ ಉಜ್ಜುತ್ತಿರಬಹುದು. ಇದನ್ನು ಅಂಗಡಿಯವರನ್ನೇ ನೇರವಾಗಿ ಕೇಳಿ: ಕೇಬಲ್ ಹೊಸದೋ ಹಳೆಯದೋ, ತೆಗೆದ ಭಾಗ ಎಲ್ಲಿದೆ, ಹಾಕಿದ ಭಾಗ ಕಂಪನಿಯದೋ ಬೇರೆಯವರು ತಯಾರಿಸಿದ್ದೋ? ಈ ಮೂರು ಪ್ರಶ್ನೆಗಳಿಗೆ ಸಿಗುವ ಉತ್ತರದಿಂದ, ಅಥವಾ ಉತ್ತರ ಸಿಗದಿರುವುದರಿಂದ, ನಿಮಗೆ ಬಹಳಷ್ಟು ತಿಳಿಯುತ್ತದೆ.

ಬಾಡಿ ಸರಿಯಿಲ್ಲ ಎಂಬ ಮಾತನ್ನು ಒಪ್ಪುವುದಾಗಲಿ ಅಲ್ಲಗಳೆಯುವುದಾಗಲಿ ವಾದದಿಂದ ಆಗುವ ಕೆಲಸವಲ್ಲ. ಒಂದು ಸಂಜೆ ಬಿಡುವು ಮಾಡಿಕೊಂಡು ಕ್ಯಾಮೆರಾವನ್ನು ಟ್ರೈಪಾಡಿನ ಮೇಲಿಡಿ, ಜೂಮನ್ನು 24, 35, 50, 70, 105 ಹೀಗೆ ಒಂದೊಂದು ಗುರುತಿಗೆ ತಂದು, ಪ್ರತಿ ಗುರುತಿನಲ್ಲೂ ಎಫ್ 4ರಲ್ಲಿ ಹತ್ತು, ಎಫ್ 8ರಲ್ಲಿ ಹತ್ತು ಫೋಟೊ ತೆಗೆಯಿರಿ, ಎಲ್ಲಿ ಎಷ್ಟು ಸಲ ನಿಂತಿತು ಎಂಬುದನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಡೆಪ್ತ್ ಆಫ್ ಫೀಲ್ಡ್ (ಎಷ್ಟು ಆಳದವರೆಗೆ ಚಿತ್ರ ಸ್ಪಷ್ಟವಾಗಿರುತ್ತದೆ ಎಂಬುದನ್ನು) ನೋಡುವ ಗುಂಡಿ ನಿಮ್ಮ ಕ್ಯಾಮೆರಾದಲ್ಲಿ ಇದ್ದರೆ ಅದನ್ನು ಒತ್ತಿ ಲೆನ್ಸಿನ ಮುಂದಿನಿಂದ ನೋಡಿ, ಬ್ಲೇಡುಗಳು ಮುಚ್ಚಿಕೊಳ್ಳುತ್ತವೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಆಮೇಲೆ ಪರಿಚಯದವರ ಬಳಿ ಅದೇ ಮೌಂಟಿನ ಬೇರೆ ಬಾಡಿ ಇದ್ದರೆ ನಿಮ್ಮ ಲೆನ್ಸನ್ನು ಅದಕ್ಕೆ ಹಾಕಿ ಇದನ್ನೇ ಮಾಡಿ, ಅವರ ಲೆನ್ಸನ್ನು ನಿಮ್ಮ ಬಾಡಿಗೆ ಹಾಕಿಯೂ ಮಾಡಿ. ದೋಷ ಲೆನ್ಸಿನ ಜೊತೆ ಹೋದರೆ ಬಾಡಿಯ ಮಾತು ಅಲ್ಲಿಗೆ ಮುಗಿಯಿತು. ಇದನ್ನೆಲ್ಲ ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಅಂಗಡಿಯ ಮೇಜಿನ ಮೇಲೆ ಇಟ್ಟ ಕೂಡಲೇ ಸರಿಯಾಗಿ ನಡೆಯುವುದು ಇಂಥ ಲೆನ್ಸುಗಳ ಹುಟ್ಟುಗುಣ.

ಎಡಗಡೆಯ ಮಸುಕು ಬೇರೆಯದೇ ದೋಷ, ಮತ್ತು ನನ್ನ ಅಭಿಪ್ರಾಯದಲ್ಲಿ ಹೆಚ್ಚು ಗಂಭೀರವಾದದ್ದು. ಅಪರ್ಚರ್ ಭಾಗ ಲೆನ್ಸಿನ ನಡುವೆ ಇರುವುದರಿಂದ ಅದನ್ನು ತಲುಪಲು ಗಾಜಿನ ಗುಂಪುಗಳನ್ನು ಬಿಚ್ಚಿ ತೆಗೆಯಲೇಬೇಕು. ಇವುಗಳಲ್ಲಿ ಕೆಲವನ್ನು ಕಾರ್ಖಾನೆಯಲ್ಲಿ ತೆಳುವಾದ ಬಿಲ್ಲೆಗಳನ್ನಿಟ್ಟು, ಸಣ್ಣ ಸ್ಕ್ರೂಗಳನ್ನು ಆಚೀಚೆ ತಿರುಗಿಸಿ ನಡುಗೆರೆಗೆ ತಂದು ನಿಲ್ಲಿಸಿರುತ್ತಾರೆ. ಬಿಚ್ಚುವ ಮೊದಲು ಗುರುತು ಹಾಕಿಕೊಳ್ಳದೆ ಮತ್ತೆ ಜೋಡಿಸಿದರೆ ಗಾಜು ಕೂದಲೆಳೆಯಷ್ಟು ಓರೆಯಾಗಿ ಕೂರುತ್ತದೆ. ಇದನ್ನು ಡಿಸೆಂಟರಿಂಗ್ ಎನ್ನುತ್ತಾರೆ. ಇದಲ್ಲದೆ ಜೂಮಿನ ಜಾಡಿನಲ್ಲಿ ಓಡಾಡುವ ಸಣ್ಣ ಪ್ಲಾಸ್ಟಿಕ್ ಬುಶ್‌ಗಳು ಸವೆದಿದ್ದರೂ ಹೀಗೇ ಆಗುತ್ತದೆ, ಆಗ ಮುಂದಿನ ಕೊಳವೆ ಕೈಯಲ್ಲಿ ಅಲುಗಾಡುತ್ತದೆ.

ಇದಕ್ಕೂ ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ದೂರದಲ್ಲಿ ಸಾಲು ಮರಗಳಿರುವ ಕಡೆ, ಗದ್ದೆಯ ಬದುವಿನ ಮೇಲೆ ನಿಂತರೆ ಇನ್ನೂ ಒಳ್ಳೆಯದು, ಟ್ರೈಪಾಡಿನ ಮೇಲೆ 24ರಲ್ಲಿ ಎಫ್ 4 ಇಟ್ಟು ಒಂದು ಫೋಟೊ ತೆಗೆಯಿರಿ. ಆಮೇಲೆ ಕ್ಯಾಮೆರಾವನ್ನು ತಲೆಕೆಳಗು ಮಾಡಿ ಅದೇ ದೃಶ್ಯವನ್ನು ತೆಗೆಯಿರಿ. ಮೊದಲ ಫೋಟೊದಲ್ಲಿ ಎಡತುದಿಯ ಮರ ಮಸುಕಾಗಿದ್ದು, ಎರಡನೆಯದರಲ್ಲಿ ಆ ಮರ ಸ್ಪಷ್ಟವಾಗಿ, ಬಲತುದಿಯ ಮರ ಮಸುಕಾದರೆ ದೋಷ ಲೆನ್ಸಿನದು. ಎರಡರಲ್ಲೂ ಅದೇ ಮರ ಮಸುಕಾಗಿದ್ದರೆ ಲೆನ್ಸನ್ನು ದೂರಬೇಡಿ, ಆ ಮರ ಬೇರೆ ದೂರದಲ್ಲಿರಬಹುದು ಅಥವಾ ಗಾಳಿಗೆ ಅಲುಗಿರಬಹುದು. ಈ ಎರಡು ಫೋಟೊಗಳನ್ನು ಅಳಿಸದೆ ಇಟ್ಟುಕೊಳ್ಳಿ. ರಿಪೇರಿಗೆ ಮೊದಲು ತೆಗೆದ ಹಳೆಯ ಗುಂಪು ಫೋಟೊಗಳ ಮೂಲ ಫೈಲುಗಳಿದ್ದರೆ ಅವನ್ನೂ ಜೊತೆಗಿಡಿ, ಏಕೆಂದರೆ ಮಸುಕು ರಿಪೇರಿಯ ನಂತರವೇ ಬಂತು ಎಂದು ತೋರಿಸುವ ಸಾಕ್ಷ್ಯ ಅವೇ.

ಮೂರನೆಯ ಸಲ ರಿಪೇರಿ ಮಾಡಿಸಬೇಕೆ ಎಂದು ಕೇಳಿದ್ದೀರಿ. ಅದೇ ಅಂಗಡಿಯಲ್ಲಿ, ಹಣ ಕೊಟ್ಟು, ಬೇಡ. ಮೊದಲು ಬಿಲ್ಲಿನಲ್ಲಿ ಮಾಡಿದ ಕೆಲಸಕ್ಕೆ ಎಷ್ಟು ದಿನದ ಖಾತರಿ ಎಂದು ಬರೆದಿದೆ ನೋಡಿ. ಅವಧಿ ಮುಗಿದಿದ್ದರೂ, ಮಾಡಿದ ಕೆಲಸವೇ ತಪ್ಪಾಗಿದ್ದಾಗ ಉಚಿತವಾಗಿ ಸರಿಪಡಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಕಿಲ್ಲ. ಅದರ ಜೊತೆಗೇ ಲೆನ್ಸನ್ನು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೆ ತೋರಿಸಿ, ಏನು ಕೆಟ್ಟಿದೆ, ಹಿಂದಿನ ಜೋಡಣೆಯಲ್ಲಿ ಏನು ತಪ್ಪಿದೆ, ಸರಿಪಡಿಸಲು ಎಷ್ಟಾಗುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ತಪಾಸಣೆಗೆಂದು ಅವರು ಸಣ್ಣ ಮೊತ್ತ ಕೇಳಬಹುದು, ಕೊಡಿ. ಹೊರಗಿನವರು ಬಿಚ್ಚಿದ ಲೆನ್ಸನ್ನು ಮುಟ್ಟುವುದಿಲ್ಲ ಎಂದೂ ಕೆಲವೊಮ್ಮೆ ಹೇಳುತ್ತಾರೆ, ಹಾಗಾದರೆ ಅದನ್ನೇ ಬರೆದುಕೊಡಲು ಕೇಳಿ. ಅಂದಾಜು ವೆಚ್ಚ ಅದೇ ಲೆನ್ಸಿನ ಸೆಕೆಂಡ್ ಹ್ಯಾಂಡ್ ಬೆಲೆಯ ಅರ್ಧವನ್ನು ದಾಟಿದರೆ ನಾನಾದರೆ ರಿಪೇರಿಯ ಆಸೆ ಬಿಡುತ್ತೇನೆ. ರಿಪೇರಿಯಾಗಿಯೇ ಬಂದರೂ, ಮುಂದಿನ ಎರಡು ಮೂರು ಮದುವೆಗಳಿಗೆ ಅದನ್ನೊಂದೇ ನಂಬಿ ಹೋಗಬೇಡಿ. ಚೀಲದಲ್ಲಿ ಒಂದು 50 ಮಿ.ಮೀ. ಲೆನ್ಸಾದರೂ ಇರಲಿ. ಮಾಂಗಲ್ಯಧಾರಣೆಯನ್ನು ಇನ್ನೊಮ್ಮೆ ಮಾಡಿ ಎಂದು ಪುರೋಹಿತರನ್ನು ಕೇಳಲಾಗುವುದಿಲ್ಲ.

ಇನ್ನು ಹಣದ ಮಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದಿದ್ದು, ಹಣ ಪಡೆದು ಮಾಡಿದ ಸೇವೆಯಲ್ಲಿ ಕೊರತೆ ಇದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಅವಕಾಶವಿದೆ. ನಿಮ್ಮಂಥವರಿಗೆ ಇಲ್ಲಿ ಒಂದು ಸೂಕ್ಷ್ಮವಿದೆ. ವಾಣಿಜ್ಯ ಉದ್ದೇಶಕ್ಕೆ ಸರಕು ಕೊಂಡವರನ್ನು, ಸೇವೆ ಪಡೆದವರನ್ನು ಕಾಯ್ದೆ ಗ್ರಾಹಕರೆಂದು ಕರೆಯುವುದಿಲ್ಲ, ಆದರೆ ಸ್ವಂತ ದುಡಿಮೆಯಿಂದ ಜೀವನ ಸಾಗಿಸುವುದಕ್ಕಾಗಿಯೇ ಕೊಂಡು ಬಳಸುವ ಸರಕಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ ಎಂಬ ವಿವರಣೆಯನ್ನೂ ಕೊಟ್ಟಿದೆ. ವಿವರಣೆಯ ಪದಗಳು ಸರಕಿನ ಕುರಿತಾಗಿವೆ, ರಿಪೇರಿ ಎಂಬುದು ಸೇವೆ. ಆದ್ದರಿಂದ ಎದುರು ಪಕ್ಷ ಈ ಎಳೆ ಹಿಡಿದು ತಕರಾರು ಎತ್ತಬಹುದು. ಸ್ಟುಡಿಯೊವನ್ನು ನೌಕರರಿಲ್ಲದೆ ಒಬ್ಬನೇ ನಡೆಸುತ್ತಿದ್ದೇನೆ, ಇದೇ ನನ್ನ ಜೀವನೋಪಾಯ ಎಂಬ ವಾಕ್ಯವನ್ನು ದೂರಿನ ಮೊದಲ ಪ್ಯಾರಾದಲ್ಲೇ ಬರೆಯಿರಿ.

ಅಂಗಡಿ ಬೇರೆ ಊರಿನಲ್ಲಿದ್ದರೂ, ನೀವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಲು ಈ ಕಾಯ್ದೆ ಅನುವು ಮಾಡಿಕೊಟ್ಟಿದೆ, ನಿಮಗೆ ಶಿವಮೊಗ್ಗದ ಆಯೋಗ ಸಾಕು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು. ವ್ಯಾಜ್ಯಕ್ಕೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಆದರೆ 11,300 ರೂಪಾಯಿಗಾಗಿ ಶಿವಮೊಗ್ಗಕ್ಕೆ ಹಲವು ಸಲ ಓಡಾಡುವುದು, ಅದೂ ಮದುವೆಯ ಹಂಗಾಮಿನಲ್ಲಿ, ಎಷ್ಟು ಲಾಭದಾಯಕ ಎಂಬುದನ್ನು ನೀವೇ ತೂಗಿ ನೋಡಬೇಕು. ನನ್ನ ಸಲಹೆ ಇಷ್ಟು: ಪರೀಕ್ಷೆಯ ಹಾಳೆ, ಫೋಟೊಗಳು, ಎರಡು ಬಿಲ್ಲುಗಳು, ಸರ್ವಿಸ್ ಸೆಂಟರಿನ ಬರಹ ಇವುಗಳ ನಕಲನ್ನು ಲಗತ್ತಿಸಿ, 15 ದಿನದೊಳಗೆ ಉಚಿತವಾಗಿ ಸರಿಪಡಿಸಿ ಅಥವಾ ಹಣ ಹಿಂದಿರುಗಿಸಿ ಎಂದು ಅಂಗಡಿಗೆ ಸ್ವೀಕೃತಿಯ ಪುರಾವೆ ಸಿಗುವ ಅಂಚೆಯಲ್ಲಿ ಪತ್ರ ಕಳುಹಿಸಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಕಾಗದಪತ್ರ ಗಟ್ಟಿಯಾಗಿದ್ದರೆ ಎಷ್ಟೋ ವ್ಯಾಜ್ಯಗಳು ಆಯೋಗದ ಮೆಟ್ಟಿಲು ಹತ್ತುವ ಮೊದಲೇ ಮುಗಿಯುತ್ತವೆ. ಬಿಲ್ಲನ್ನೇ ಕೊಟ್ಟಿಲ್ಲವಾದರೆ, ಬಿಲ್ಲು ಕೊಡದಿರುವುದನ್ನೂ ಅದೇ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿಗೆ ಸೇರಿಸಿದೆ ಎಂಬುದನ್ನು ಪತ್ರದಲ್ಲಿ ನೆನಪಿಸಿ. ಫೋನ್‌ಪೇ, ಗೂಗಲ್‌ಪೇ ಮೂಲಕ ಕೊಟ್ಟಿದ್ದರೆ ಅದರ ದಾಖಲೆ ನಿಮ್ಮ ಬ್ಯಾಂಕ್ ಲೆಕ್ಕದಲ್ಲಿ ಇದ್ದೇ ಇರುತ್ತದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ಮಡಿಕೇರಿಯಲ್ಲಿದ್ದೇನೆ. ಹಕ್ಕಿಗಳ ಫೋಟೊ ತೆಗೆಯುವ ಹವ್ಯಾಸವಿದೆ. ನನ್ನ ಲೆನ್ಸಿನೊಳಗೆ ಜೇಡರ ಬಲೆಯಂತೆ ಫಂಗಸ್ ಬಂದಿತ್ತು. ಎರಡು ಸಲ ಹಣ ಕೊಟ್ಟು ಸ್ವಚ್ಛ ಮಾಡಿಸಿದೆ, ಎರಡು ಸಲವೂ ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಮತ್ತೆ ಬಂತು. ಸ್ವಚ್ಛ ಮಾಡಿದವರು ಕೆಲಸ ಸರಿಯಾಗಿ ಮಾಡಲಿಲ್ಲವೆ? ಲೆನ್ಸನ್ನು ಅದರದೇ ಚರ್ಮದ ಚೀಲದಲ್ಲಿಟ್ಟು ಬೀರುವಿನಲ್ಲಿ ಜೋಪಾನವಾಗಿಯೇ ಇಡುತ್ತಿದ್ದೇನೆ.

ಉತ್ತರ: ತಪ್ಪು ಸ್ವಚ್ಛ ಮಾಡಿದವರದಲ್ಲ, ಅಮ್ಮಾ, ಆ ಚರ್ಮದ ಚೀಲದ್ದು. ಮೊದಲ ಪತ್ರದವರ ಲೆನ್ಸಿನಲ್ಲಿ ರಿಪೇರಿ ಸರಿಯಾಗಲಿಲ್ಲ, ನಿಮ್ಮದರಲ್ಲಿ ರಿಪೇರಿ ಸರಿಯಾಗಿಯೇ ಆಗಿದೆ, ಆದರೆ ಕೆಡಿಸಿದ ಕಾರಣ ಮನೆಯಲ್ಲೇ ಉಳಿದಿದೆ. ಫಂಗಸ್ಸಿನ ಬೀಜಕಣಗಳು ಗಾಳಿಯಲ್ಲಿ ಎಲ್ಲೆಡೆಯೂ ಇರುತ್ತವೆ, ಅವುಗಳಿಂದ ತಪ್ಪಿಸಿಕೊಳ್ಳುವಂತಿಲ್ಲ. ತೇವ ಸಿಕ್ಕಿದರೆ ಮಾತ್ರ ಅವು ಚಿಗುರುತ್ತವೆ. ಸಾಪೇಕ್ಷ ಆರ್ದ್ರತೆ ಶೇ. 60ನ್ನು ದಾಟಿ ಬಹಳ ದಿನ ನಿಂತರೆ ಅಪಾಯ ಶುರುವಾಯಿತೆಂದೇ ತಿಳಿಯಬೇಕು. ಕೊಡಗಿನ ಮಳೆಗಾಲದಲ್ಲಿ ಮನೆಯೊಳಗಿನ ಗಾಳಿಯೂ ಇದಕ್ಕಿಂತ ಎಷ್ಟೋ ಹೆಚ್ಚು ತೇವವಾಗಿರುತ್ತದೆ ಎಂಬುದನ್ನು ನಿಮ್ಮ ಮನೆಯ ಉಪ್ಪಿನ ಡಬ್ಬಿಯೇ ಹೇಳುತ್ತದೆ. ಚರ್ಮ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಮೇಲಾಗಿ ಬೂಷ್ಟಿಗೆ ಚರ್ಮವೇ ಒಳ್ಳೆಯ ಆಹಾರ. ಮಳೆಗಾಲದಲ್ಲಿ ನಿಮ್ಮ ಚಪ್ಪಲಿಗಳ ಮೇಲೆ ಬರುವುದೂ ಇದೇ ಬೂಷ್ಟು.

ಲೆನ್ಸನ್ನು ಶೇ. 40ರಿಂದ 50ರ ಆರ್ದ್ರತೆಯಲ್ಲಿ ಇಡಬೇಕು. ಅದಕ್ಕೆಂದೇ ವಿದ್ಯುತ್ತಿನಿಂದ ನಡೆಯುವ ಡ್ರೈ ಕ್ಯಾಬಿನೆಟ್ ಸಿಗುತ್ತದೆ, ಒಂದೆರಡು ಲೆನ್ಸ್ ಇರುವವರಿಗೆ ಸಣ್ಣದು ಸಾಕು. ಅದು ದುಬಾರಿ ಎನಿಸಿದರೆ ಅಡುಗೆಮನೆಯ ದೊಡ್ಡ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಣ್ಣ ಬದಲಾಯಿಸುವ ಸಿಲಿಕಾ ಜೆಲ್ ಹರಳುಗಳನ್ನು ಬಟ್ಟೆಯಲ್ಲಿ ಕಟ್ಟಿಟ್ಟು, ಜೊತೆಗೊಂದು ಸಣ್ಣ ಆರ್ದ್ರತಾಮಾಪಕವನ್ನು ಇಡಿ. ಹರಳುಗಳ ಬಣ್ಣ ಬದಲಾದಾಗ ಅವು ಇನ್ನು ತೇವ ಹೀರಲಾರವೆಂದು ಅರ್ಥ. 120 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಲೆಯ ಮೇಲೆ ನಿಧಾನವಾಗಿ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತವೆ, ಆದರೆ ಅಡುಗೆಯ ಪಾತ್ರೆಯನ್ನು ಇದಕ್ಕೆ ಬಳಸಬೇಡಿ. ಅಕ್ಕಿಯಲ್ಲಿ ಹೂತಿಡಿ ಎಂಬ ಸಲಹೆಯನ್ನು ಕೇಳಬೇಡಿ, ಅದರ ಹುಡಿ ಲೆನ್ಸಿನ ಸಂದುಗಳಿಗೆ ಸೇರುತ್ತದೆ. ಬಿಸಿಲಿಗೆ ಒಣಗಿಸುವುದಂತೂ ಬೇಡವೇ ಬೇಡ. ಗಾಜಿನ ಮೂಲಕ ಹಾದ ಬಿಸಿಲು ಒಳಗಿನ ಭಾಗಗಳನ್ನು ಸುಡಬಲ್ಲದು, ಫಂಗಸ್ ಸಾಯುತ್ತದೆಂಬ ಭರವಸೆಯೂ ಇಲ್ಲ. ಎಲ್ಲಕ್ಕಿಂತ ಸುಲಭವಾದದ್ದು ಲೆನ್ಸನ್ನು ಆಗಾಗ ಹೊರತೆಗೆದು ಬಳಸುವುದು. ಮಳೆಗಾಲದಲ್ಲಿ ಹಕ್ಕಿಗಳು ಮನೆಯಂಗಳಕ್ಕೂ ಬರುತ್ತವೆ.

ಮೂರನೆಯ ಸಲ ಸ್ವಚ್ಛ ಮಾಡಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಸೂರ್ಯನಿಗೆ ಬೆನ್ನು ಹಾಕಿ ಒಂದು ಫೋಟೊ, ಬೆಳಕು ಎದುರಿನಿಂದ ಬೀಳುವಂತೆ ಒಂದು ಫೋಟೊ ತೆಗೆದು ನೋಡಿ. ಎದುರು ಬೆಳಕಿನಲ್ಲೂ ಚಿತ್ರ ಮಂಕಾಗದಿದ್ದರೆ ಈಗಿರುವ ಎಳೆಗಳನ್ನು ಹಾಗೇ ಬಿಟ್ಟು, ಒಣ ಡಬ್ಬಿಯಲ್ಲಿಟ್ಟು, ಅವು ಬೆಳೆಯುವುದನ್ನಷ್ಟೇ ತಡೆಯಿರಿ. ಫಂಗಸ್ ಬಿಡುಗಡೆ ಮಾಡುವ ಆಮ್ಲ ಗಾಜಿನ ಲೇಪವನ್ನು ತಿಂದುಹಾಕಿದ್ದರೆ ಆ ಗುರುತು ಎಷ್ಟು ಒರೆಸಿದರೂ ಹೋಗುವುದಿಲ್ಲ, ಮತ್ತು ಪ್ರತಿ ಸಲ ಬಿಚ್ಚಿದಾಗಲೂ ಮೇಲಿನ ಪತ್ರದಲ್ಲಿ ಹೇಳಿದ ಓರೆಯಾಗುವ ಅಪಾಯ ಇದ್ದೇ ಇರುತ್ತದೆ.

ಪ್ರಶ್ನೆ: ನಾನು ಬೆಂಗಳೂರಿನ ವಿದ್ಯಾರ್ಥಿ. ಸೆಕೆಂಡ್ ಹ್ಯಾಂಡ್ ಆಗಿ ಕೊಂಡ 85 ಮಿ.ಮೀ. ಲೆನ್ಸ್ ಒಮ್ಮೆ ಬಿದ್ದು ರಿಪೇರಿಯಾಗಿತ್ತು ಎಂದು ಮಾರಿದವರೇ ಹೇಳಿದ್ದರು. ಕಣ್ಣಿಗೆ ಫೋಕಸ್ ಮಾಡಿದರೆ ಕಿವಿ ಸ್ಪಷ್ಟವಾಗಿ ಬರುತ್ತದೆ. ಎರಡು ಸಲ ರಿಪೇರಿಗೆ ಕೊಟ್ಟೆ, ಎರಡು ಸಲವೂ ಲೆನ್ಸ್ ಸರಿಯಾಗಿದೆ ಎಂದು ಹಿಂದಿರುಗಿಸಿದರು. ನನ್ನದು ಡಿಎಸ್‌ಎಲ್‌ಆರ್.

ಉತ್ತರ: ಅವರು ಸುಳ್ಳು ಹೇಳಿರಲಿಕ್ಕಿಲ್ಲ. ಡಿಎಸ್‌ಎಲ್‌ಆರ್‌ನಲ್ಲಿ ನೀವು ವ್ಯೂಫೈಂಡರ್ ಮೂಲಕ ಫೋಕಸ್ ಮಾಡುವಾಗ ಅಳೆಯುವುದು ಚಿತ್ರ ಮೂಡಿಸುವ ಸಂವೇದಕವಲ್ಲ, ಕ್ಯಾಮೆರಾದೊಳಗಿನ ಕನ್ನಡಿಯ ಕೆಳಗೆ ಕುಳಿತಿರುವ ಬೇರೆಯದೇ ಒಂದು ಸಂವೇದಕ. ಇವೆರಡರ ಅಳತೆಯಲ್ಲಿ ತುಸು ವ್ಯತ್ಯಾಸವಿದ್ದರೂ ಫೋಕಸ್ ಹಿಂದಕ್ಕೋ ಮುಂದಕ್ಕೋ ಸರಿಯುತ್ತದೆ, ಅದರಲ್ಲೂ 85 ಮಿ.ಮೀ. ಲೆನ್ಸನ್ನು ಪೂರ್ತಿ ತೆರೆದು ಹತ್ತಿರದ ಮುಖವನ್ನು ತೆಗೆಯುವಾಗ ಈ ತಪ್ಪು ಎದ್ದು ಕಾಣುತ್ತದೆ. ಲೈವ್ ವ್ಯೂಗೆ (ಹಿಂದಿನ ಪರದೆಯಲ್ಲೇ ನೋಡಿ ತೆಗೆಯುವ ವಿಧಾನಕ್ಕೆ) ಹಾಕಿ ಅದೇ ಕಣ್ಣಿಗೆ ಫೋಕಸ್ ಮಾಡಿ ನೋಡಿ. ಅಲ್ಲಿ ಸರಿಯಾಗಿ ಬಂದರೆ ಲೆನ್ಸ್ ಕೆಟ್ಟಿಲ್ಲ, ಹೊಂದಾಣಿಕೆ ತಪ್ಪಿದೆ. ಬಾಡಿಯ ಮೆನುವಿನಲ್ಲಿ ಎಎಫ್ ಫೈನ್ ಟ್ಯೂನ್ ಅಥವಾ ಮೈಕ್ರೊಅಡ್ಜಸ್ಟ್‌ಮೆಂಟ್ ಎಂಬ ಆಯ್ಕೆ ಇದ್ದರೆ ನೀವೇ ಸರಿಪಡಿಸಿಕೊಳ್ಳಬಹುದು, ಕಡಿಮೆ ಬೆಲೆಯ ಎಷ್ಟೋ ಬಾಡಿಗಳಲ್ಲಿ ಇದು ಇರುವುದಿಲ್ಲ. ಇಲ್ಲದಿದ್ದರೆ ಬಾಡಿ ಮತ್ತು ಲೆನ್ಸ್ ಎರಡನ್ನೂ ಒಟ್ಟಿಗೆ ಸರ್ವಿಸ್ ಸೆಂಟರಿಗೆ ಕೊಟ್ಟು ಒಂದಕ್ಕೊಂದು ಹೊಂದಿಸಿಕೊಡಿ ಎಂದು ಕೇಳಿ. ಇಷ್ಟು ದಿನ ನೀವು ಲೆನ್ಸನ್ನು ಮಾತ್ರ ಕಳುಹಿಸಿದ್ದರೆ ಅವರಿಗೆ ತಪ್ಪು ಕಾಣದಿದ್ದದ್ದು ಸಹಜವೇ. ಲೈವ್ ವ್ಯೂನಲ್ಲೂ ತಪ್ಪಿದರೆ ಮಾತ್ರ ಬಿದ್ದ ಪೆಟ್ಟಿನ ಕಡೆಗೆ ಬೊಟ್ಟು ಮಾಡಿ, ಮೌಂಟ್ ಓರೆಯಾಗಿದೆಯೇ ಎಂದು ಪರೀಕ್ಷಿಸಲು ಹೇಳಿ.

ಪ್ರಶ್ನೆ: ಕುಂದಾಪುರದ ಕಡಲತೀರದಲ್ಲಿ ನನ್ನ ಲೆನ್ಸ್ ಅಲೆಗೆ ಸಿಕ್ಕಿ ನೆನೆಯಿತು. ಬಿಚ್ಚಿ ಸ್ವಚ್ಛಗೊಳಿಸಿ ಕೊಟ್ಟರು, ಒಂದು ತಿಂಗಳು ನಡೆಯಿತು. ಈಗ ಫೋಕಸ್ ರಿಂಗ್ ಮರಳು ಅರೆದಂತೆ ಸದ್ದು ಮಾಡುತ್ತಿದೆ. ಮತ್ತೆ ಸ್ವಚ್ಛ ಮಾಡಿಸಲೆ?

ಉತ್ತರ: ಬೇಡ. ಸಿಹಿನೀರು ಒಣಗಿದರೆ ಹೆಚ್ಚಿನಂಶ ಅಲ್ಲಿಗೆ ಮುಗಿಯುತ್ತದೆ, ಉಪ್ಪುನೀರು ಒಣಗಿದ ಮೇಲೆ ಉಪ್ಪು ಉಳಿಯುತ್ತದೆ. ಅದು ಕರಾವಳಿಯ ತೇವವನ್ನು ಹೀರುತ್ತಾ ಸ್ಕ್ರೂ, ಬೇರಿಂಗ್, ಸರ್ಕ್ಯೂಟ್ ಬೋರ್ಡುಗಳನ್ನು ಒಳಗೊಳಗೇ ತಿನ್ನುತ್ತಿರುತ್ತದೆ. ನೆನೆದ ದಿನವೇ ಪೂರ್ತಿ ಬಿಚ್ಚಿ ತೊಳೆದಿದ್ದರೆ ಒಂದು ಮಾತು, ತಿಂಗಳಾದ ಮೇಲೆ ಹಾಕುವ ಪ್ರತಿ ರೂಪಾಯಿಯೂ ಕಡಲಿಗೆ ಹಾಕಿದಂತೆ. ವಿಮೆ ಇದ್ದರೆ ಪಾಲಿಸಿಯಲ್ಲಿ ನೀರಿನ ಹಾನಿ ಸೇರಿದೆಯೇ ನೋಡಿ, ಇಲ್ಲವಾದರೆ ಬಿಡಿಭಾಗಗಳಿಗಾಗಿ ಕೊಳ್ಳುವ ರಿಪೇರಿಯವರಿಗೆ ಮಾರಿ. ಹಾಗೆ ಮಾರುವಾಗ ಅದು ಕಡಲನೀರಿನಲ್ಲಿ ನೆನೆದದ್ದೆಂದು ರಸೀದಿಯಲ್ಲೇ ಬರೆದುಕೊಡಿ. ಇಲ್ಲವಾದರೆ ಅದೇ ಲೆನ್ಸನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡ ಇನ್ಯಾರದೋ ಪತ್ರ ಮುಂದಿನ ವರ್ಷ ನನ್ನ ಮೇಜಿಗೆ ಬರುತ್ತದೆ.